ಕಾಟಿ ಯಾರ ಹೆಸರಿನಲ್ಲಿದೆ

ಫೋನಿನಲ್ಲಿ ಕಾರ್ಡ್ ಆಡುತ್ತೇನೆ ಎಂದ ತಕ್ಷಣ ನಮ್ಮ ಹೆತ್ತೂರು ಕಡೆಯ ಹೆಂಗಸರು ಮೊದಲು ನನ್ನ ಕೊರಳು ನೋಡುತ್ತಾರೆ, ಸರ ಇದೆಯೋ ಗಿರವಿಗೆ ಹೋಗಿದೆಯೋ ಎಂದು. ಸರ ಇದೆ. ಆ ಆಟಕ್ಕೆ ನಾನು ಇವತ್ತಿನವರೆಗೆ ಒಂದು ಪೈಸೆಯನ್ನೂ ಹಾಕಿಲ್ಲ, ಮುಂದೆಯೂ ಹಾಕುವುದಿಲ್ಲ. ಪುಕ್ಕಟೆ ಆಡಿ ಎಂದು ಅವರೇ ಕರೆದರು, ನಾನು ಪುಕ್ಕಟೆಯೇ ಆಡುತ್ತಿದ್ದೇನೆ. ಹಣ ಸುರಿದು ಕಾರ್ಡ್ ಕೊಂಡವರನ್ನು ಹಾಗೆ ಸೋಲಿಸುವಾಗ ಸಿಗುವ ಖುಷಿಯನ್ನು ನಾನು ಯಾಕೆ ಬಿಡಲಿ?

ಶುರುವಾದದ್ದು ಕಾಲು ಉಳುಕಿದ್ದರಿಂದ. ಕಾಫಿ ಒಣಗಿಸುವ ಕಣದಲ್ಲಿ ಪಾಚಿ ಕಟ್ಟಿತ್ತು. ಉಜ್ಜಿ ತೊಳೆಯಲು ಹೋದವಳು ಜಾರಿ ಬಿದ್ದೆ, ಪಾದ ಊದಿಕೊಂಡಿತು. ಕಾಲು ನೆಲಕ್ಕೆ ಊರಬಾರದು ಎಂದರು ಡಾಕ್ಟರು. ಮದುವೆಯಾದ ಮೇಲೆ ಹಗಲು ಹೊತ್ತಿನಲ್ಲಿ ನಾನು ಸುಮ್ಮನೆ ಕೂತದ್ದು ಅದೇ ಮೊದಲು. ಹಾಸನದಲ್ಲಿ ಓದುತ್ತಿದ್ದ ಮಗಳು ರಜೆಗೆ ಬಂದಿದ್ದಳು. ಕೂತಲ್ಲಿಂದಲೇ ನಾನು ಒಲೆ ಮೇಲಿನ ಸಾರಿಗೂ ಕೊಟ್ಟಿಗೆಯ ಹಸುವಿಗೂ ಆಜ್ಞೆ ಮಾಡುತ್ತಿದ್ದುದನ್ನು ತಾಳಲಾರದೆ, ಬಾಯಿ ಮುಚ್ಚಿಸಲಿಕ್ಕೆಂದೇ ನನ್ನ ಫೋನಿಗೆ ಆ ಆಟ ಹಾಕಿಕೊಟ್ಟಳು.

ಆಟ ಕಷ್ಟದ್ದೇನಲ್ಲ. ಒಂದೊಂದು ಕಾರ್ಡಿನಲ್ಲಿ ಒಂದೊಂದು ಪ್ರಾಣಿಯೋ ರಾಕ್ಷಸನೋ ಇರುತ್ತದೆ. ಯಾರನ್ನು ಮುಂದೆ ನಿಲ್ಲಿಸಬೇಕು, ಯಾರನ್ನು ಹಿಂದೆ ನಿಲ್ಲಿಸಬೇಕು ಎಂದು ಸಾಲು ಕಟ್ಟಿ ಕಳಿಸಿದರೆ ಸಾಕು, ಆಮೇಲೆ ಅವು ತಾವೇ ಬಡಿದಾಡಿಕೊಳ್ಳುತ್ತವೆ. ಜಾಣತನವೆಲ್ಲ ಸಾಲು ಕಟ್ಟುವುದರಲ್ಲಿ. ಅಷ್ಟೇ ತಾನೆ, ನಾನು ಜೀವನವೆಲ್ಲ ಮಾಡಿದ್ದು ಇನ್ನೇನು? ಕಾಫಿ ಕುಯ್ಲಿಗೆ ಆಳು ಬಂದಾಗ ಇಳಿಜಾರಿನ ಗಿಡಗಳಿಗೆ ಯಾರು, ಮಾತು ಹೆಚ್ಚಾದವರ ಪಕ್ಕ ಯಾರು, ಕೈ ಚುರುಕಿನವರು ಸಾಲಿನ ಯಾವ ತುದಿಯಲ್ಲಿ ಎಂದು ನಿಲ್ಲಿಸುವವಳು ನಾನೇ. ಮಗಳು ಮೂರು ದಿನ ಕಲಿಸಿದಳು, ನಾಲ್ಕನೆಯ ದಿನ ನನ್ನ ಕೈಯಲ್ಲಿ ಸೋತಳು. ಆಮೇಲೆ ನನ್ನ ಜೊತೆ ಆಡಲೇ ಇಲ್ಲ.

ಯಜಮಾನರಿಗೆ ಇದು ಹಿಡಿಸಲಿಲ್ಲ. "ಹೆಂಗ್ಸು ಇಸ್ಪೀಟ್ ಆಡ್ತಾ ಕುಂತ್ರೆ ಮನೆ ಉದ್ಧಾರ ಆದಂಗೇ" ಎಂದರು. ಗಣೇಶನ ಹಬ್ಬ ಕಳೆದ ಮೇಲೂ ಗೆಳೆಯರ ಜೊತೆ ಗಣೇಶನ ಹೆಸರಿನಲ್ಲಿ ಇಸ್ಪೀಟು ಹಾಕುವವರು ಯಾರು ಎಂದು ಕೇಳಿದೆ. ಅಲ್ಲಿಗೆ ಆ ವಿಚಾರ ಮುಗಿಯಿತು. ಒಳ್ಳೆಯ ಮನುಷ್ಯ, ಬೇಗ ಸುಮ್ಮನಾಗುತ್ತಾರೆ.

ಕಾಲು ಸರಿಹೋದರೂ ಆಟ ಬಿಡಲಿಲ್ಲ. ಮಗಳಿದ್ದಷ್ಟು ದಿನ ಅವಳ ಫೋನಿನ ಇಂಟರ್ನೆಟ್ಟಿನಲ್ಲಿ ಆಡಿದ್ದೆ. ನನ್ನ ಸಿಮ್ಮಿಗೆ ಮನೆಯಲ್ಲಿ ಮಾತಾಡುವಷ್ಟು ಬಿಟ್ಟರೆ ನೆಟ್‌ವರ್ಕ್ ಸಿಗುವುದಿಲ್ಲ. ಮನೆಯ ಹಿಂದಿನ ಬೋರೆ ಹತ್ತಿದರೆ ಅಲ್ಲೊಂದು ಬಂಡೆ, ಅದರ ಮೇಲೆ ಕೂತರೆ ಚೆನ್ನಾಗಿ ಸಿಗುತ್ತದೆ. ಆ ಬೋರೆಯ ತುಂಡು ನಾನು ಈ ಮನೆಗೆ ಬಂದಾಗ ಬರೀ ಲಂಟಾನ. ಬುಡ ಸಮೇತ ಕಿತ್ತವಳು ನಾನು, ಸಿಲ್ವರ್ ಮರ ನೆಟ್ಟವಳು ನಾನು, ಅದಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದವಳೂ ನಾನೇ. ಸಂಜೆ ಹಸುವಿಗೆ ಹುಲ್ಲು ಹಾಕಿ ಅಲ್ಲಿಗೆ ಹೋಗಿ ಕೂರುತ್ತಿದ್ದೆ. ಕತ್ತಲಾಗುವ ಮೊದಲು ಎರಡೋ ಮೂರೋ ಯುದ್ಧ ಗೆದ್ದು ಇಳಿದು ಬರುತ್ತಿದ್ದೆ.

ಹಾಗೆ ಗೆಲ್ಲುತ್ತ ಒಂದು ದಿನ ಬಹುಮಾನದ ಪೆಟ್ಟಿಗೆಯಲ್ಲಿ ಒಂದು ಅಪರೂಪದ ಕಾರ್ಡ್ ಬಂತು. ಕಲ್ಲಿನಲ್ಲಿ ಕಡೆದಂಥ ದೊಡ್ಡ ಕೋಣ, ತಲೆ ತಗ್ಗಿಸಿ ನಿಂತಿತ್ತು. ಇಂಗ್ಲಿಷಿನಲ್ಲಿ ಅದಕ್ಕೆ ಉದ್ದದ ಹೆಸರಿತ್ತು, ನಾನು ಕಾಟಿ ಎಂದು ಕರೆದೆ. ನಮ್ಮ ತೋಟಕ್ಕೆ ನುಗ್ಗಿ ಗಿಡ ಮುರಿಯುವ ಕಾಡುಕೋಣಕ್ಕೆ ನಾವು ಅನ್ನುವುದೇ ಹಾಗೆ. ಇದನ್ನು ಸಾಲಿನ ಮುಂದೆ ನಿಲ್ಲಿಸಿದರೆ ಎಷ್ಟು ಏಟು ಬಿದ್ದರೂ ಕದಲುತ್ತಿರಲಿಲ್ಲ.

ಮಗಳಿಗೆ ಫೋನ್ ಮಾಡಿ ಹೇಳಿದೆ. ಅವಳು ಕುಣಿದಾಡಿದಳು. "ಅಮ್ಮ, ನಿಂಗೆ ಮೊದ್ಲು ಕೊಟ್ಟಿದ್ದ ಕಾರ್ಡೆಲ್ಲ ಆಟದವ್ರದ್ದು, ಆಡಕ್ಕೆ ಮಾತ್ರ. ಇದು ನಿಂದೇ. ಬ್ಲಾಕ್‌ಚೈನಲ್ಲಿ ನಿನ್ನ ಹೆಸರಲ್ಲಿ ಐತೆ" ಎಂದಳು.

"ಹಂಗಂದ್ರೆ?"

"ಪಹಣಿ ಇದ್ದಂಗೆ ಅಂತ ತಿಳ್ಕೊ. ಯಾವ ಕಾರ್ಡು ಯಾರ್ದು ಅಂತ ಅದ್ರಲ್ಲಿ ಬರ್ದಿರ್ತದೆ. ಪ್ರಪಂಚದಲ್ಲಿ ಯಾರು ಬೇಕಾದ್ರೂ ನೋಡ್ಬೌದು, ಆದ್ರೆ ಯಾರೂ ಅಳ್ಸಂಗಿಲ್ಲ. ಆಟದವ್ರೂ ಕಿತ್ಕೊಳ್ಳಂಗಿಲ್ಲ."

ಹೇಗೆ ನೋಡುವುದು ಎಂದು ಕೇಳಿ ಕಲಿತೆ. ಕಾರ್ಡಿನ ಸಂಖ್ಯೆ ಹಾಕಿದರೆ ಒಂದು ಪುಟ ತೆರೆದುಕೊಳ್ಳುತ್ತಿತ್ತು, ಒಡೆಯರು ಎಂದಿದ್ದ ಜಾಗದಲ್ಲಿ ನಾನು ಆಟಕ್ಕಾಗಿ ಇಟ್ಟುಕೊಂಡ ಹೆಸರು. ಇಂಥವರ ಮಗಳು ಎಂದಿಲ್ಲ, ಇಂಥವರ ಕೋಂ ಎಂದಿಲ್ಲ. ಬಂಡೆಯ ಮೇಲೆ ಕೂತು ಅದನ್ನು ತುಂಬ ಹೊತ್ತು ನೋಡಿದೆ. ಮನೆ ಮಾವನವರ ಹೆಸರಿನಲ್ಲಿ, ತೋಟ ಯಜಮಾನರ ಹೆಸರಿನಲ್ಲಿ, ಜೀಪು ಅವರದ್ದೇ ಹೆಸರಿನಲ್ಲಿ. ನಾನು ಕೂತ ಬಂಡೆಯೂ ಅವರ ಸರ್ವೆ ನಂಬರಿನದ್ದು. ನನ್ನೊಬ್ಬಳ ಹೆಸರಿನಲ್ಲಿ ಈ ಭೂಮಿಯ ಮೇಲೆ ಇದ್ದದ್ದು ಅದೊಂದು ಕೋಣ. ನಗು ಬಂತು, ಆಮೇಲೆ ಅದು ನಗುವ ವಿಷಯವಲ್ಲ ಅನ್ನಿಸಿತು. ಬೆಳಿಗ್ಗೆ ಎದ್ದರೆ ಒಂದು ಸಲ ಆ ಪುಟ ನೋಡುವುದು ಅಲ್ಲಿಂದ ಅಭ್ಯಾಸವಾಯಿತು.

ಈಗ ಗೆಳತಿಯ ವಿಷಯ ಹೇಳಬೇಕು. ಆ ಆಟದಲ್ಲಿ ಗುಂಪು ಕಟ್ಟಿಕೊಂಡು ಆಡಬಹುದು. ನಾನು ಸೇರಿದ ಗುಂಪಿನಲ್ಲಿ ಒಬ್ಬ ಹೆಂಗಸು ಇದ್ದಳು, ಸಮುದ್ರದ ನಡುವಿನ ಯಾವುದೋ ದ್ವೀಪದವಳು. ಮೀನು ಒಣಗಿಸಿ ಮಾರುವುದು ಅವಳ ಕಸುಬು. ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ ಬಾರದು. ಫೋನೇ ತರ್ಜುಮೆ ಮಾಡಿಕೊಡುತ್ತಿತ್ತು. ತರ್ಜುಮೆ ಹೇಗಿರುತ್ತಿತ್ತೆಂದರೆ ಒಮ್ಮೆ ಅವಳು ನನ್ನನ್ನು ಪೂಜ್ಯ ಚಿಕ್ಕಮ್ಮ ಎಂದು ಕರೆದಿದ್ದಳು. ಆದರೂ ಮಾತು ಸಾಗುತ್ತಿತ್ತು. ಅವಳು ಮೀನು ಹರವಿದ ಜಾಗದ ಫೋಟೋ ಕಳಿಸಿದಳು, ನಾನು ನನ್ನ ಕಾಫಿ ಕಣದ ಫೋಟೋ ಕಳಿಸಿದೆ. ಒಣಗಿಸುವವರ ಕಷ್ಟ ಒಣಗಿಸುವವರಿಗೇ ಗೊತ್ತು. ಮೋಡ ಕವಿದರೆ ಇಬ್ಬರಿಗೂ ಎದೆ ಡವಡವ.

ನಾನು ಸೋತ ಯುದ್ಧಗಳನ್ನು ಅವಳು ಒಂದೊಂದಾಗಿ ನೋಡಿ, ಎಲ್ಲಿ ತಪ್ಪಿದೆ ಎಂದು ಹೇಳಿಕೊಡುತ್ತಿದ್ದಳು. ಯಾರೂ ಹೇಳದೆ, ಏನೂ ಕೇಳದೆ, ಎಷ್ಟೋ ಸಂಜೆ ಹೀಗೆ ಮಾಡಿದಳು. ನಾನು ಮೇಲಿನ ದರ್ಜೆಗೆ ಹತ್ತಿದ್ದು ಅದರಿಂದ. ನನ್ನ ಲೆಕ್ಕದಲ್ಲಿ ಅವಳು ನನ್ನ ತೋಟಕ್ಕೆ ಮುಯ್ಯಾಳು ಬಂದು ಹೋಗಿದ್ದಳು. ಮುಯ್ಯಾಳು ಎಂದರೆ, ಇವತ್ತು ನೀವು ನನ್ನ ಕೆಲಸಕ್ಕೆ ಬಂದರೆ ನಾಳೆ ನಾನು ನಿಮ್ಮ ಕೆಲಸಕ್ಕೆ. ಕೂಲಿ ಇಲ್ಲ, ಬರೆದಿಡುವುದಿಲ್ಲ, ಆದರೆ ಯಾರೂ ಮರೆಯುವುದಿಲ್ಲ. ನಮ್ಮಂಥ ಸಣ್ಣ ತೋಟದವರು ಕುಯ್ಲು ಮುಗಿಸುವುದು ಇವತ್ತಿಗೂ ಹೀಗೆಯೇ. ಪಕ್ಕದ ತೋಟದ ಅಕ್ಕನೂ ನಾನೂ ಇಷ್ಟು ವರ್ಷದಲ್ಲಿ ಜಗಳವಾಡಿ ಮಾತು ಬಿಟ್ಟ ಕಾಲದಲ್ಲಿಯೂ ಮುಯ್ಯಾಳು ಬಿಟ್ಟಿಲ್ಲ. ಮಾತಾಡದೆಯೇ ಬಂದು ಕುಯ್ದು ಹೋಗುತ್ತಿದ್ದೆವು.

ಗುಂಪುಗಳ ನಡುವೆ ಪಂದ್ಯ ಬಂತು. ಕೊನೆಯ ಯುದ್ಧ ಆಡಬೇಕಾದವಳು ಅವಳು. ಎದುರಿನವರು ಭಾರೀ ಕಾರ್ಡು ಕೊಂಡವರು. ಮುಂದೆ ನಿಲ್ಲಿಸಲು ಗಟ್ಟಿ ಪ್ರಾಣಿ ತನ್ನಲ್ಲಿಲ್ಲ ಎಂದಳು. ಕಾಟಿ ಕೊಡುತ್ತೇನೆ ಎಂದೆ. ಕೊಡಲು ಎರಡು ದಾರಿಯಿದ್ದವು. ಒಂದು, ಎರವಲು. ಕಾರ್ಡು ನನ್ನ ಹೆಸರಿನಲ್ಲೇ ಇರುತ್ತದೆ, ಅವಳು ಆಡುತ್ತಾಳೆ, ಬೇಕೆಂದಾಗ ನಾನು ವಾಪಸ್ ಎಳೆದುಕೊಳ್ಳಬಹುದು. ಇನ್ನೊಂದು, ಪೂರ್ತಿ ಅವಳ ಹೆಸರಿಗೆ ಕಳಿಸಿಬಿಡುವುದು. ಹಾಗೆ ಕಳಿಸಿದ್ದು ಅವಳಾಗಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಎರಡೂ ನನಗೆ ಚೆನ್ನಾಗಿ ಅರ್ಥವಾಗಿತ್ತು. ಆದರೂ ಎರವಲಿನ ಗುಂಡಿ ಒತ್ತಲು ನನಗೆ ಮನಸ್ಸು ಬರಲಿಲ್ಲ. ಮುಯ್ಯಾಳಿಗೆ ಕಳಿಸಿದ ಜೋಡೆತ್ತಿನ ಹಗ್ಗದ ತುದಿಯನ್ನು ಯಾರಾದರೂ ತಮ್ಮ ಜಗಲಿಯ ಕಂಬಕ್ಕೆ ಕಟ್ಟಿಕೊಂಡಿರುತ್ತಾರೆಯೇ? ಅಷ್ಟು ಸಂಜೆ ದುಡಿದವಳಿಗೆ ಹಾಗೆ ಮಾಡುವುದು ನನಗೆ ನಾಚಿಕೆಗೇಡು ಅನ್ನಿಸಿತು. ಪೂರ್ತಿ ಕಳಿಸಿದೆ.

ಅವಳು ಗೆದ್ದಳು. ನನ್ನ ಕಾಟಿ ಮುಂದೆ ನಿಂತು ಎಲ್ಲ ಏಟನ್ನೂ ತಿಂದಿತು. ನಾಳೆ ವಾಪಸ್ ಕಳಿಸುತ್ತೇನೆ ಪೂಜ್ಯ ಚಿಕ್ಕಮ್ಮ ಎಂದು ಬರೆದಳು. ಮಾರನೆಯ ದಿನದಿಂದ ಅವಳ ಸುದ್ದಿಯೇ ಇಲ್ಲ.

ಮಗಳು ಫೋನಿನಲ್ಲಿ ಕಿರುಚಿದಳು. "ಅಮ್ಮ, ಎರವಲು ಕೊಡದು ಬಿಟ್ಟು ಕಳ್ಸೇಬುಟ್ಯಾ? ಯಾರಾದ್ರೂ ಹಂಗೆ ಮಾಡ್ತಾರಾ? ಅದಿನ್ನು ಬರಲ್ಲ." ಆ ಮಾತು ಯಜಮಾನರ ಕಿವಿಗೆ ಬಿತ್ತು. ಅವರಿಗೆ ಸಂತೋಷ ತಡೆಯಲಾಗಲಿಲ್ಲ. ಊಟಕ್ಕೆ ಕೂತಾಗಲೆಲ್ಲ "ಕಾಟಿ ಕೊಟ್ಟಿಗೆಗೆ ಬಂತಾ?" ಎಂದು ಕೇಳುವುದೇ ಕೆಲಸವಾಯಿತು. ನಾನು ಬರುತ್ತದೆ ಎನ್ನುತ್ತಿದ್ದೆ. ಬೆಳಿಗ್ಗೆ ಬೋರೆ ಹತ್ತಿ ಆ ಪುಟ ತೆರೆದರೆ ಒಡೆಯರ ಜಾಗದಲ್ಲಿ ಅವಳ ಹೆಸರು. ಮಾರಿರಲಿಲ್ಲ, ಬೇರೆಯವರಿಗೆ ದಾಟಿಸಿರಲಿಲ್ಲ. ಅದೊಂದು ಸಮಾಧಾನ ಹಿಡಿದುಕೊಂಡು ಕೆಳಗಿಳಿಯುತ್ತಿದ್ದೆ.

ಅಷ್ಟರಲ್ಲಿ ಅರೇಬಿಕಾ ಕಾಫಿ ಹಣ್ಣಾಗಿ ನಮ್ಮ ಮನೆಯ ಕುಯ್ಲು ಶುರುವಾಯಿತು. ಮುಯ್ಯಾಳಿಗೆ ಅಕ್ಕನೂ ಸುತ್ತಲಿನ ನಾಲ್ಕಾರು ಹೆಂಗಸರೂ ಬಂದಿದ್ದರು. ಮಧ್ಯಾಹ್ನ ಗಿಡದ ನೆರಳಿನಲ್ಲಿ ಅಕ್ಕಿರೊಟ್ಟಿ ಬಡಿಸುತ್ತಿದ್ದಾಗ ಯಜಮಾನರು ಎಲ್ಲರೆದುರು ನನ್ನ ಕಥೆ ತೆಗೆದರು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಅಕ್ಕ ಮಾತ್ರ ನಗಲಿಲ್ಲ.

"ಮುಯ್ಯಾಳು ಅಂತ ಕೊಟ್ಟವ್ಳೆ. ಬರ್ತದೆ ಬುಡಪ್ಪ" ಎಂದಳು.

"ಬರ್ತದಾ? ಮುಖ ಕಾಣ್ದೋಳು ಕಣಕ್ಕ. ಊರು ಗೊತ್ತಿಲ್ಲ, ಕೇರಿ ಗೊತ್ತಿಲ್ಲ." ಯಜಮಾನರಿಗೆ ಹುರುಪು ಬಂದಿತ್ತು. "ಹಂಗೇನಾದ್ರೂ ಅದು ವಾಪಸ್ ಬಂದ್ರೆ ಆ ಬೋರೆ ಮೇಲಿನ ತುಂಡು ಇವಳ ಹೆಸರಿಗೆ ಬರ್ದುಬುಡ್ತೀನಿ, ಎಲ್ರೂ ಕೇಳ್ಸ್ಕೊಳ್ಳಿ! ಬರ್ಲಿಲ್ವಾ, ಕುಯ್ಲು ಮುಗಿಯೋ ದಿನ ಇವಳು ಆ ಆಟ ಅಳಿಸ್ಬುಡ್ಬೇಕು."

"ಆಗ್ಲಿ" ಎಂದೆ. ಎಲ್ಲರೂ ಮತ್ತೆ ನಕ್ಕರು. ನಾನು ರೊಟ್ಟಿಯ ಬುಟ್ಟಿ ಅವರ ಮುಂದೆ ಇಟ್ಟು ನನ್ನ ಸಾಲಿಗೆ ಹೋದೆ.

ಆಗಲಿ ಎಂದದ್ದು ಧೈರ್ಯದಿಂದಲೇ. ಆದರೆ ಸಾಲಿಗೆ ಹೋದ ಮೇಲೆ ಹಣ್ಣಿನ ಜೊತೆ ಹಸಿರು ಕಾಯಿಯನ್ನೂ ಕಿತ್ತು ಬುಟ್ಟಿಗೆ ಹಾಕುತ್ತಿದ್ದೆ. ಆಟ ಹೋದರೆ ಹೋಗಲಿ ಎನ್ನುವಷ್ಟು ಹಗುರವಾಗಿರಲಿಲ್ಲ ನನಗೆ ಅದು. ಆ ತುಂಡು ನೆಲವನ್ನು ನಾನು ಎಂದೂ ಬಾಯಿಬಿಟ್ಟು ಕೇಳಿದವಳಲ್ಲ. ಕೇಳಬೇಕು ಎಂದು ಮನಸ್ಸಿನಲ್ಲಿ ಇತ್ತು ಎನ್ನುವುದೇ ಅವರು ತಮಾಷೆಗೆ ಆ ಮಾತು ಆಡಿದ ಗಳಿಗೆಯಲ್ಲಿ ನನಗೆ ಗೊತ್ತಾದದ್ದು. ಗೊತ್ತಾದ ಮೇಲೆ ಅದು ಬೇಕೇ ಬೇಕು ಅನ್ನಿಸಿತು. ಇಷ್ಟು ದೊಡ್ಡ ಆಸೆಯನ್ನು ಮೀನು ಒಣಗಿಸುವ ಯಾರೋ ಒಬ್ಬಳ ಕೈಯಲ್ಲಿ ಇಟ್ಟು ಕೂತಿದ್ದೆ. ಮೊದಲ ಬಾರಿಗೆ ಹೆದರಿಕೆಯಾಯಿತು.

ಕುಯ್ಲು ನಮ್ಮ ತೋಟ ಮುಗಿಸಿ ಅಕ್ಕನ ತೋಟಕ್ಕೆ ಹೋಯಿತು, ಅಲ್ಲಿಂದ ಇನ್ನೊಬ್ಬರ ತೋಟಕ್ಕೆ, ಮತ್ತೆ ಎರಡನೆಯ ಸುತ್ತಿಗೆ ನಮ್ಮಲ್ಲಿಗೆ ಬಂತು. ಯಜಮಾನರಿಗೆ ಒಂದು ದಿನ ಕನಿಕರ ಬಂದಿರಬೇಕು. ಅಂಥದ್ದೇ ಇನ್ನೊಂದು ಕಾರ್ಡು ಕೊಡಿಸುತ್ತೇನೆ, ಒಂದಿಷ್ಟು ಮೆಣಸು ಮಾರಿದರೆ ಆಯಿತಲ್ಲ ಎಂದರು. ಬೇಡ ಎಂದೆ. ಸೋಲಲಿ ಗೆಲ್ಲಲಿ, ಕೊಂಡು ಆಡುವವಳು ನಾನಲ್ಲ. ಗುಂಪಿನವರೂ ಅವಳನ್ನು ತೆಗೆದುಹಾಕೋಣವೇ ಎಂದು ಕೇಳಿದರು. ಅವಳ ಜಾಗ ಹಾಗೇ ಇರಲಿ ಎಂದು ನಾನು ಹಟ ಹಿಡಿದೆ.

ಕುಯ್ಲು ಮುಗಿಯುವ ಹಿಂದಿನ ದಿನ ಬೆಳಿಗ್ಗೆ ಎಂದಿನಂತೆ ಬೋರೆ ಹತ್ತಿದೆ. ಪುಟ ತೆರೆದೆ. ಒಡೆಯರ ಜಾಗದಲ್ಲಿ ನನ್ನ ಹೆಸರು.

ಕಣ್ಣುಜ್ಜಿ ಇನ್ನೊಂದು ಸಲ ನೋಡಿದೆ. ಆಟ ತೆರೆದರೆ ಅಲ್ಲಿ ಅವಳ ಸಂದೇಶ ಕೂತಿತ್ತು. ಬಿರುಗಾಳಿ ಬಂದು ಮನೆಯ ಮಾಡು ಹಾರಿಹೋಯಿತು, ಕರೆಂಟು ಇರಲಿಲ್ಲ, ಫೋನು ನೀರು ಕುಡಿದಿತ್ತು, ಇವತ್ತು ತಮ್ಮನ ಫೋನಿನಿಂದ ಒಳಗೆ ಬಂದೆ. ಕೊನೆಗೆ ಒಂದು ಸಾಲು, ನಿಮ್ಮ ಪ್ರಾಣಿ ಮನೆಗೆ ಬಂತಾ ಎಂದು. ಬಂಡೆಯ ಮೇಲೆ ಕೂತು ಜೋರಾಗಿ ಅತ್ತೆ. ಅವಳ ಮಾಡು ಹಾರಿದ್ದಕ್ಕೋ ನನ್ನ ಕಾಟಿ ಬಂದಿದ್ದಕ್ಕೋ, ಎರಡಕ್ಕೂ ಸೇರಿಯೇ ಇರಬೇಕು. ಅವಳ ಮನೆಯವರೆಲ್ಲ ಕ್ಷೇಮವೇ ಎಂದು ಕೇಳಿ, ಉತ್ತರ ಬಂದ ಮೇಲೆ ಮುಖ ಒರೆಸಿಕೊಂಡು ಕೆಳಗಿಳಿದೆ.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಕೂತ ಮೇಲೆ ಫೋನು ಯಜಮಾನರ ಮುಂದೆ ಹಿಡಿದೆ. ಬರುವಾಗಲೇ ಆ ಪುಟದ ಚಿತ್ರ ತೆಗೆದಿಟ್ಟುಕೊಂಡಿದ್ದೆ. ಕನ್ನಡಕ ಹಾಕಿಕೊಂಡು ನೋಡಿದರು. ಹೆಂಗಸರೆಲ್ಲ ಕೈಯ ತುತ್ತು ಕೈಯಲ್ಲೇ ಹಿಡಿದು ಕಾದರು.

"ಸಕಲೇಶಪುರಕ್ಕೆ ಯಾವಾಗ ಹೋಗಾಣ?" ಎಂದು ಕೇಳಿದೆ.

"ಎಲ್ಲಿಗೆ?"

"ರಿಜಿಸ್ಟ್ರಾರ್ ಆಫೀಸಿಗೆ."

ಅವರು ನಕ್ಕರು. "ಲೇ, ತಮಾಷೆಗೆ ಅಂದೆ ಕಣೆ."

"ನಂಗೂ ತಮಾಷೆಗೆ ಆಟ ಅಳ್ಸು ಅಂದಿದ್ರಾ?"

ಅಕ್ಕ ತಟ್ಟೆ ಕೆಳಗಿಟ್ಟಳು. "ಕುಯ್ಲಿಗೆ ಬಂದೋರ ಮುಂದೆ ಆಡಿದ್ ಮಾತು ಕಣಪ್ಪ. ನಾವೆಲ್ಲ ಕೇಳ್ಸ್ಕೊಂಡಿದೀವಿ" ಎಂದಳು. ಯಜಮಾನರು ಮತ್ತೆ ನಗಲು ನೋಡಿದರು. ಯಾರೂ ಜೊತೆಗೆ ನಗಲಿಲ್ಲ. ಊಟ ಅರ್ಧಕ್ಕೆ ಬಿಟ್ಟು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಕಡೆ ಹೋದರು.

ಸಂಜೆ ಹಾಲು ಕರೆಯುತ್ತಿದ್ದೆ. ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತರು. ಮುಖ ಸಣ್ಣದಾಗಿತ್ತು. ಕೋಪಕ್ಕಿಂತ ಹೆಚ್ಚಾಗಿ ನೋವಾಗಿತ್ತು ಅವರಿಗೆ, ಅದು ನನಗೂ ಕಾಣುತ್ತಿತ್ತು.

"ನನ್ ಮೇಲೆ ನಂಬಿಕೆ ಇಲ್ವೇನೆ ನಿಂಗೆ? ತೋಟ ನಂದು ಬೇರೆ ನಿಂದು ಬೇರೆ ಅಂತ ಯಾವತ್ತಾದ್ರೂ ಅಂದಿದೀನಾ?"

"ಇಲ್ಲ, ಅಂದಿಲ್ಲ" ಎಂದೆ. ಅದು ನಿಜ. "ನಂಬಿಕೆ ಐತೆ ಕಣ್ರೀ. ಮುಖಾನೇ ನೋಡ್ದಿರೋಳ್ನ ನಂಬ್ದೋಳು ನಿಮ್ಮನ್ನ ನಂಬಲ್ವಾ? ನಂಬಿದ್ದಕ್ಕೇ ಇಷ್ಟ್ ವರ್ಷ ಕೇಳ್ದೆ ಸುಮ್ನಿದ್ದೆ. ಆ ಬೋರೆಗೆ ನಾನ್ ದುಡ್ದಿದ್ದೂ ಮುಯ್ಯೇ. ಆದ್ರೆ ಅವಳು ವಾಪಸ್ ಕೊಟ್ಳು."

ಹಸು ಬಾಲ ಬೀಸಿತು, ನಾನು ಕರೆಯುವುದನ್ನು ಮುಂದುವರಿಸಿದೆ. ಅವರು ಒಳಗೆ ಹೋದರು. ಆಮೇಲೆ ಮೂರ್ನಾಲ್ಕು ದಿನ ನಮ್ಮಿಬ್ಬರ ನಡುವೆ ಬೇಕಾದಷ್ಟೇ ಮಾತು. ನಾನು ಮತ್ತೆ ಕೇಳಲಿಲ್ಲ. ಎರಡು ಸಲ ಕೇಳಿದರೆ ಅದು ಬೇಡಿದಂತಾಗುತ್ತದೆ, ನಾನು ಬೇಡುವವಳಲ್ಲ. ಆದರೆ ಆ ದಿನಗಳಲ್ಲಿ ಬೋರೆ ಹತ್ತಲಿಲ್ಲ, ಆಟ ಆಡಲಿಲ್ಲ. ಕಾಟಿ ಇದೆಯೋ ಎಂದು ನೋಡಲೂ ಇಲ್ಲ.

ಒಂದು ಸಂಜೆ ಅವರು ಪಹಣಿಯ ಪ್ರತಿ ಹಿಡಿದು ಅಡುಗೆಮನೆಗೆ ಬಂದರು. ನಾಡಕಚೇರಿಗೆ ಹೋಗಿ ತೆಗೆಸಿಕೊಂಡು ಬಂದಿದ್ದರು. "ನಾಳಿದ್ದು ನಿನ್ನ ಆಧಾರ್ ಕಾರ್ಡು ತಗೊಂಡು ಹೊರಡು" ಎಂದರು. ಅಷ್ಟೇ. ನಾನೂ ಆಯ್ತು ಎಂದೆ, ಸಾರಿಗೆ ಉಪ್ಪು ಹಾಕಿದ್ದೆನೋ ಇಲ್ಲವೋ ಎನ್ನುವುದೇ ಮರೆತುಹೋಯಿತು.

ಸಕಲೇಶಪುರದಲ್ಲಿ ಅವರಿಗೆ ಗೊತ್ತಿದ್ದ ಪತ್ರ ಬರಹಗಾರರು ದಾನಪತ್ರ ಬರೆದರು. ಅಳತೆಯ ಕೆಲಸಕ್ಕೆಂದು ಇನ್ನೊಂದೆರಡು ಸಲ ಓಡಾಡಬೇಕಾಯಿತು. ಓಡಾಟದಲ್ಲಿ ಅವರು ಒಂದು ಸಲವೂ ಗೊಣಗಲಿಲ್ಲ, ಅದು ಅವರ ದೊಡ್ಡತನ, ಅದನ್ನೂ ಹೇಳಲೇಬೇಕು. ಕೊನೆಯ ದಿನ ಕ್ಯಾಮೆರಾದ ಮುಂದೆ ಕೂರಿಸಿ ಇಬ್ಬರ ಫೋಟೋ ತೆಗೆದರು, ಹೆಬ್ಬೆರಳು ಒತ್ತಿಸಿಕೊಂಡರು. ಅಲ್ಲಿದ್ದ ಅಧಿಕಾರಿ, ಸ್ವಂತ ಇಷ್ಟದಿಂದಲೇ ಕೊಡುತ್ತಿದ್ದೀರಾ ಎಂದು ಯಜಮಾನರನ್ನು ಕೇಳಿದರು. ಎಲ್ಲರನ್ನೂ ಕೇಳುವ ಪ್ರಶ್ನೆಯೇ ಅದು. ಅವರು ಸ್ವಲ್ಪ ತಡೆದು, ಹೌದು ಸಾರ್ ಎಂದರು.

ಪೇಟೆಯಲ್ಲಿ ಊಟ ಮಾಡಿ ಜೀಪು ಹತ್ತಿದೆವು. ಊರ ದಾರಿಯ ಏರು ಶುರುವಾಯಿತು. ಪತ್ರದ ಕವರು ನನ್ನ ತೊಡೆಯ ಮೇಲಿತ್ತು. ಒಂದು ತಿರುವಿನಲ್ಲಿ ಗೇರು ಇಳಿಸುತ್ತ ಕೇಳಿದರು.

"ಇನ್ನು ನೀನು ಅದ್ನ ಯಾರಿಗೆ ಬೇಕಾದ್ರೂ ಮಾರ್ಬೌದು, ಅಲ್ವಾ? ನನ್ನ ಕೇಳೋದೂ ಬೇಕಾಗಿಲ್ಲ."

"ಹೂಂ. ಬೇಕಾಗಿಲ್ಲ."

"ಮಾರ್ತೀಯಾ?"

"ಇಲ್ಲ" ಎಂದೆ.

ಅವರು ರಸ್ತೆ ನೋಡುತ್ತಲೇ ಸ್ವಲ್ಪ ದೂರ ಓಡಿಸಿದರು. ಆಮೇಲೆ ಒಮ್ಮೆ ತಿರುಗಿ ನನ್ನ ಮುಖ ನೋಡಿದರು. ಇಷ್ಟು ವರ್ಷದ ಸಂಸಾರದಲ್ಲಿ ಅವರು ನನ್ನನ್ನು ಹಾಗೆ ನೋಡಿದ್ದಿಲ್ಲ. ನಾನು ಹೇಳಿದ್ದು ನಿಜವೋ ಅಲ್ಲವೋ ಎಂದು ಹುಡುಕುತ್ತಿದ್ದರು. ಇಷ್ಟು ವರ್ಷ ನಾನಿದ್ದ ಹಾಗೆಯೇ, ಆ ತುಂಡಿನ ವಿಷಯದಲ್ಲಿ ಈಗ ನನ್ನ ಮಾತೊಂದನ್ನು ಬಿಟ್ಟರೆ ಅವರ ಕೈಯಲ್ಲಿ ಬೇರೆ ಏನೂ ಇರಲಿಲ್ಲ.

"ಹಿಂಗಿರ್ತದಾ ಇದು" ಎಂದರು ಮೆಲ್ಲಗೆ.

"ಹಿಂಗೇ ಇರ್ತದೆ. ರಸ್ತೆ ನೋಡ್ಕೊಂಡು ಓಡ್ಸಿ" ಎಂದೆ.